ಗಂಟು ಹಾಕಿದ ದಾರ

ಕಂಪನಿ ಈ ಮಾಡಲ್ಲು ನಿಲ್ಲಿಸಿ ಒಂಬತ್ತು ವರ್ಷ.
ತಾಳವಾಡಿಯ ಮೆಕ್ಯಾನಿಕ್ ಸಲಾವುದ್ದೀನ್ ಬಾನೆಟ್ ಎತ್ತಿದಾಗೆಲ್ಲ
ಸಾವಿನ ಮನೆಗೆ ಬಂದವನ ಹಾಗೆ ಮೊದಲು ಸುಮ್ಮನೆ ನಿಲ್ಲುತ್ತಾನೆ.
ಕ್ಲಚ್ ಪ್ಲೇಟು ಕೊಯಮತ್ತೂರಿನ ಗುಜರಿಯಲ್ಲಿ ಸಿಕ್ಕಿತ್ತು,
ಗೇರಿನ ಹಲ್ಲು ಈರೋಡಿನಲ್ಲಿ.
ಈ ಸಲ 'ಇನ್ನು ಹುಡುಕಬೇಡಿ' ಎಂದು
ಕೈಯೊರೆಸುವ ಬಟ್ಟೆಯನ್ನೇ ನನ್ನ ಕೈಗೆ ಕೊಟ್ಟ.

ದಿಂಬಂ ಘಾಟಿನ ಇಪ್ಪತ್ತೇಳು ತಿರುವನ್ನೂ
ಕೋಸಿನ ಮೂಟೆ ಹೊತ್ತು ಹದಿನಾಲ್ಕು ವರ್ಷ ಇಳಿದ ಗಾಡಿ.
ನಾನು ಸೆಕೆಂಡಿಗೆ ಹಾಕುವ ಮೊದಲೇ
ತಾನೇ ಗೊಣಗುತ್ತಿತ್ತು: ಹಾಕು, ಹಾಕು.
ಹಿಂಬದಿಯ ಹಲಗೆಯಲ್ಲಿ
ಒಳಗೆ ಕಬ್ಬಿಲ್ಲವೆಂದು ಆನೆಯೊಂದು ಖಾತ್ರಿ ಮಾಡಿಕೊಂಡ ತಗ್ಗು;
ಅದನ್ನು ತಟ್ಟಿಸಿ ಸರಿಮಾಡಿಸಲಿಲ್ಲ.
ಮುಂದಿನ ಸೀಟು ಒಂದೇ ಉದ್ದ ಬೆಂಚು:
ನಾನು, ಜಡೆಯ, ನಡುವೆ ಬುತ್ತಿ.

ಎಲ್ಲರೂ ಸಲಹೆ ಕೊಟ್ಟರು.
ಬ್ಯಾಂಕಿನವರು ಕಂತಿನ ಲೆಕ್ಕ, ಭಾವ ಮೈಲೇಜು,
ತಮ್ಮನ ಮಗ ಪರದೆ ಎಷ್ಟಗಲ ಎಂದು.
ಜಡೆಯ ಏನೂ ಹೇಳಲಿಲ್ಲ.
ಸತ್ಯಮಂಗಲಕ್ಕೆ ಹೊರಡುವ ಹಿಂದಿನ ಸಂಜೆ
ಹಳೆಯ ಗಾಡಿಯ ಬೆನ್ನಿಗೆ ನಿಂತು
ಗೋಣಿದಾರದ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ
ತಳದ ಅಂಚಿನ ತನಕ ಎಳೆದು ಒಂದು ಗಂಟು ಹಾಕಿದ.

ಷೋರೂಮಿನಲ್ಲಿ ಇಳವರಸು ಎಂಬ ಹುಡುಗ
ನೀರು ಕೊಟ್ಟ, ಎಸಿ ಕೆಳಗೆ ಕೂರಿಸಿದ,
ಬೆಲೆಯನ್ನು ಜಡೆಯನಿಗೆ ಹೇಳಿದ.
'ವಂಡಿ ಓಟ್ಟ್ರದು ನಾನ್' ಎಂದೆ.
ಆಮೇಲೆ ನನಗೆ ಬಣ್ಣ ತೋರಿಸಿದ.

ಒಂದಕ್ಕೆ ಎರಡು ಬಿಡಿ ಸೀಟು, ನಡುವೆ ಲೋಟ ಇಡುವ ಗುಳಿ;
ಬುತ್ತಿ ಎಲ್ಲಿ ಕೂರಬೇಕು?
ಇನ್ನೊಂದರ ಬಾಗಿಲು ಹಾಕಿದರೆ ಸದ್ದೇ ಇಲ್ಲ;
ನಾನು ಬಂದೆನೆಂದು ನಾಯಿ ನಂಬುವುದು ಹೇಗೆ?
ಮೂರನೆಯದು ಚೆನ್ನಾಗಿತ್ತು.
ಬ್ರೇಕು ಮಾತು ಕೇಳುತ್ತಿತ್ತು, ಸ್ಟಿಯರಿಂಗು ಎರಡೇ ಬೆರಳಿಗೆ ತಿರುಗುತ್ತಿತ್ತು.
ಕದ್ದು ಏನೋ ತಿಂದವಳ ಹಾಗೆ
ನನ್ನ ಕಿವಿ ಬಿಸಿಯಾಯಿತು.

ಆಗ ಜಡೆಯ ಜೇಬಿಂದ ದಾರ ತೆಗೆದ.
ಹೊಳೆಯುವ ಟೈಲ್ಸಿನ ಮೇಲೆ ಚಪ್ಪಲಿ ಬಿಟ್ಟು
ತುದಿ ತುಳಿದು ಮೇಲಕ್ಕೆಳೆದ.
'ತಿರುಷ್ಟಿಯಾ ಅಣ್ಣೇ?' ಕೇಳಿದ ಇಳವರಸು.
ಮೊದಲೆರಡಕ್ಕೆ ಗಂಟು ನಾಲ್ಕು ಬೆರಳು ಕೆಳಗೇ ನಿಂತಿತು.
ಮೂರನೆಯದಕ್ಕೆ ಒಂದು ಗೇಣು.

ಆಸನೂರಿನ ಹತ್ತಿರ ಮೂಟೆಯ ಜೊತೆ ತಾನೂ ಬಿದ್ದ ವರ್ಷದಿಂದ
ಅವನ ಎಡಸೊಂಟ ಹಳೆಯ ಗಾಡಿಯ ಎತ್ತರವೊಂದನ್ನೇ ಬಲ್ಲುದು:
ಮೂಟೆಯನ್ನು ತೊಡೆಗೆ ಆನಿಸಿ,
ಒಂದು ಉಸಿರು, ಒಂದು ಜಾರು.
'ತಕ್ಕೊ ಕನಕ್ಕ, ಒಳ್ಳೆ ಗಾಡಿ.
ಎತ್ತಕ್ಕೆ ಯಾವ್ದಾರ ಹೈದ ಸಿಕ್ಕುತ್ತಾನೆ'
ಎಂದು ದಾರ ಸುತ್ತಿ
ಖಾಲಿ ಬುತ್ತಿಯೊಳಗೆ ಹಾಕಿದ.

ತಕ್ಕೊಂಡೆ. ಮೂರನೆಯದನ್ನೇ.

ಹಳೆಯದನ್ನು ಗುಜರಿಯವರು ಕಟ್ಟಿ ಎಳೆದೊಯ್ದ ಬೆಳಿಗ್ಗೆ
ನಾನು ಹೊಲದ ಬಾಯಲ್ಲಿ ಗುದ್ದಲಿ ಹಿಡಿದಿದ್ದೆ.
ಅಳಲು ಬಿಡುವಿರಲಿಲ್ಲ ಎಂದರೆ ಪೂರ್ತಿ ಸುಳ್ಳಲ್ಲ.
ಹಿಂದಿನ ಚಕ್ರಗಳಿಗೆ ಎರಡು ಗುಂಡಿ,
ತಳಕ್ಕೆ ಜಲ್ಲಿ, ಮಳೆನೀರು ಹೋಗಲು ಸಣ್ಣ ಕಾಲುವೆ.
ಆಳಕ್ಕೆ, ಬುತ್ತಿಯಲ್ಲಿ ಅವನು ಮರೆತ ದಾರ.

ಹೊಸ ಗಾಡಿ ಪೀಂ ಪೀಂ ಎಂದು ಹಿಂದೆ ಹಿಂದೆ ಬಂತು,
ಪರದೆಯ ತುಂಬ ಕೆಂಪು ಗೆರೆ ಎಳೆದುಕೊಂಡು.
ಹೆದರಬೇಡ ಎಂದು ಇಳಿಸಿದೆ.

ಜಡೆಯ ಮೊದಲ ಮೂಟೆ ತೊಡೆಗೆ ಆನಿಸಿದ.
ಒಂದು ಉಸಿರು.
ಒಂದು ಜಾರು.
ಇಪ್ಪತ್ತು ಮೂಟೆ ಆದ ಮೇಲೆ ಬೀಡಿ ಹಚ್ಚಿ
ಗುಂಡಿಯನ್ನು, ಚಕ್ರವನ್ನು, ನನ್ನ ಅಂಗೈಯ ಬೊಬ್ಬೆಯನ್ನು
ಒಂದೊಂದಾಗಿ ನೋಡಿ ಮುಖ ಗಂಟಿಕ್ಕಿದ:
'ಒಂದಿಂಚು ಜಾಸ್ತಿ ಅಗೆದ್ಬುಟ್ಟಿದ್ದಿ ಕನಕ್ಕ.
ನಾನೇನು ಅಷ್ಟೊಂದ್ ಮುದ್ಕ ಆಗೋದ್ನಾ?'