ಎರಡು ಡಿಗ್ರಿ

ಎಲಿಜಬೆತ್ ಅಂದರೆ ಇಲ್ಲಿ ರಾಣಿಯಲ್ಲ, ಊರು;
ಅಡಿಲೇಡಿನಿಂದ ಬಡಗಲಿಗೆ ಅರ್ಧ ಗಂಟೆ.
ಹೊರಗೆ ನಲವತ್ತೊಂದು. ತಗಡಿನ ಶೆಡ್ಡಿನೊಳಗೆ
ಎಷ್ಟೆಂದು ನೋಡುವ ಧೈರ್ಯ ಯಾರಿಗೂ ಇಲ್ಲ.
ಡೈನೋದ ಉರುಳೆಗಳ ಮೇಲೆ, ಪಟ್ಟಿ ಬಿಗಿದು ಕಟ್ಟಿದ ನೀಲಿ ಕಾರು
ಎಲ್ಲಿಗೂ ಹೋಗದೆ
ನೂರ ಎಂಬತ್ತರಲ್ಲಿ ಓಡುತ್ತಿದೆ.

ಎಂಜಿನ್ನಿನ ಪಕ್ಕೆಗೆ ಬೋಲ್ಟು ಹಾಕಿ ಕೂರಿಸಿದ ಮೈಕು,
ಅದರಿಂದ ಕವಲೊಡೆದ ತಂತಿ,
ನೆವಿಲ್‌ಗೊಂದು ಹೆಡ್‌ಫೋನು, ನನಗೊಂದು.
ಪರದೆಯ ಮೇಲೆ ಚೌಕಾಬಾರಕ್ಕೆ ಗೀಚಿದ ಹಾಗೆ ಮನೆಗಳು:
ಅಡ್ಡಕ್ಕೆ ಸುತ್ತು, ಉದ್ದಕ್ಕೆ ಟರ್ಬೊದ ಒತ್ತಡ,
ಒಂದೊಂದು ಮನೆಯಲ್ಲೂ ಒಂದು ಅಂಕಿ.
ಪಿಸ್ಟನ್ನು ನೆತ್ತಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ
ಕಿಡಿ ಹಾರಬೇಕು.

ಮುಂಚೆಯೇ ಹಾರಬೇಕು. ಬೆಂಕಿಗೂ ಹಬ್ಬಲು ಹೊತ್ತು ಬೇಕಲ್ಲ.
ತಡವಾದರೆ ಬಿಸಿಯೆಲ್ಲ ಹೊಗೆಕೊಳವೆಯ ಪಾಲು,
ಕಾರಿಗೆ ಸುಸ್ತು, ಕೊಳವೆಗೆ ಕೆಂಪು.
ತೀರ ಬೇಗವಾದರೆ
ಏರಿ ಬರುತ್ತಿರುವವನ ಎದೆಗೇ ಏಟು.
ಗದಗಿನಲ್ಲಿ ಮಾಬುಸಾಬ ಮೇಸ್ತ್ರಿ, ಜೀಪಿನ ಡಿಸ್ಟ್ರಿಬ್ಯೂಟರನ್ನು
ಮಲಗಿದ ಕೂಸಿನ ತಲೆಯಂತೆ ಚೂರೇ ಚೂರು ಹೊರಳಿಸಿ,
ಬೀಡಿ ತುಟಿಯಲ್ಲೇ ಬಿಟ್ಟು,
"ಹಾಂ, ಈಗ ಹದಾ ಬಂತ ನೋಡು" ಅನ್ನುತ್ತಿದ್ದ.
ಅವನಿಗೆ ಒಂದು ಹದ ಸಾಕಾಗಿತ್ತು.
ನಮಗೆ ಇನ್ನೂರ ಐವತ್ತಾರು.

ನಾಲ್ಕು ಸಾವಿರ ಸುತ್ತು. ಟರ್ಬೊ ಉಸಿರು ತುಂಬಿಕೊಂಡಿತು.
ಹತ್ತಿದ್ದ ಮನೆಗೆ ನೆವಿಲ್ ಹನ್ನೆರಡು ಹಾಕಿದ.
ಆಗ ಕೇಳಿತು ನನಗೆ,
ಕಾದ ಎಣ್ಣೆಗೆ ಬಿದ್ದ ನಾಲ್ಕೇ ನಾಲ್ಕು ಸಾಸಿವೆ.
ಚಟ್. ಚಟಚಟ್.
ಒಗ್ಗರಣೆಯಾಗಿದ್ದರೆ ಉರಿ ತಗ್ಗಿಸಬಹುದಿತ್ತು;
ಇಲ್ಲಿ ಸಿಡಿಯಲು ಬಿಟ್ಟರೆ
ಪಿಸ್ಟನ್ನಿನ ಅಂಚೇ ಅಚ್ಚುಬೆಲ್ಲದ ಹಾಗೆ ಮುರಿದುಬೀಳುತ್ತದೆ.

"ಕ್ಲೀನ್" ಅಂದ ನೆವಿಲ್, ಹೆಬ್ಬೆಟ್ಟು ಎತ್ತಿ.

ಮುಚ್ಚಿಹೋದ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಕಾರಿನ ಬಾಗಿಲು ಅಚ್ಚೊತ್ತಿದವನು.
ಸಾಸಿವೆ, ಗುಬ್ಬಿ, ಮೈಕ್ರೋವೇವಿನ ಗಂಟೆ,
ಆ ಎತ್ತರದ ಸದ್ದುಗಳನ್ನೆಲ್ಲ ಅಲ್ಲೇ ಒಪ್ಪಿಸಿ ಬಂದಿದ್ದಾನೆ.
ಅವನಿಗದು ಗೊತ್ತಿಲ್ಲ. ಅಥವಾ

ಹೇಳಬೇಕಿತ್ತು. ಮೂರು ವಾರದ ಹಿಂದೆ ನಾನಿನ್ನೂ ಹೊಸಬಳು.
ಈಗ ಹೇಳಿದರೆ, ಇಷ್ಟು ದಿನ ಹೇಳಲಿಲ್ಲ ಅನ್ನುವುದೂ ಸೇರಿಕೊಳ್ಳುತ್ತದೆ.
ಹಾಗಾಗಿ ಅವನು ಚಹಾಕ್ಕೆ ಎದ್ದಾಗೆಲ್ಲ
ಆ ಸಾಲಿನಿಂದ ಎರಡೆರಡು ಡಿಗ್ರಿ ಕದ್ದಿದ್ದೇನೆ.
ನನ್ನ ಕಳ್ಳತನದಿಂದ ಉಳಿದ ಎಂಜಿನ್ನುಗಳು ಆರು.

ಇವತ್ತು ಚಹಾಕ್ಕೆ ಏಳಲಿಲ್ಲ.
ಹಳೆಯ ಫೈಲು ತೆರೆದ, ಒಂದಾದ ಮೇಲೆ ಒಂದು, ಆರೂ.
ತಾನು ಬರೆದದ್ದು ಎಡಕ್ಕೆ, ಕಾರು ಒಯ್ದದ್ದು ಬಲಕ್ಕೆ;
ವ್ಯತ್ಯಾಸವಿದ್ದ ಮನೆಗಳು ತಾವಾಗಿ ಹಳದಿಯಾದವು.
ದೊಡ್ಡ ಫ್ಯಾನು ತಿರುಗುತ್ತಲೇ ಇತ್ತು. ನನ್ನ ನಾಲಿಗೆ ಒಣಗಿತ್ತು.
ಹೆಡ್‌ಫೋನು ತೆಗೆದ. ತಂತಿಯನ್ನು ನಿಧಾನ ಅಂಗೈಗೆ ಸುತ್ತಿ
ಮೊಳೆಗೆ ತೂಗುಹಾಕಿದ.
ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿ,
"ಅಂಕಿ ನೀನು ಹಾಕು. ಪಟ್ಟಿ ನಾನು ನೋಡ್ಕೋತೀನಿ."

ಹನ್ನೆರಡು ಅಳಿಸಿದೆ. ಹತ್ತು.
ಮತ್ತೆ ಪೂರ್ತಿ ಒತ್ತಿದೆವು, ಕೆಂಪುಗೆರೆಯವರೆಗೆ.
ಎಣ್ಣೆ ಸುಮ್ಮನಿತ್ತು.

ಇನ್ನೂರ ಎಂಬತ್ತೊಂದು ಕಿಲೋವ್ಯಾಟು.
ರಾತ್ರಿಪಾಳಿ ಮುಗಿಸಿ ಬೇಕರಿಯಿಂದ ನೇರ ಬಂದಿದ್ದ ಶಾರ್ಲೀನ್,
ಮೊಣಕೈಗೆ ಇನ್ನೂ ಹಿಟ್ಟು, ಮುಖ ಸಣ್ಣದು ಮಾಡಿಕೊಂಡಳು.
"ಭಾನುವಾರ ಟ್ರ್ಯಾಕಿಗೆ ಇಳಿಸ್ತೀನಿ. ಮುನ್ನೂರು ಅಂದಿದ್ರಲ್ಲ?"

ನೆವಿಲ್ ಹಿಂದಿನ ಚಕ್ರದ ಬಳಿ ಮಂಡಿಯೂರಿ ಪಟ್ಟಿ ಬಿಚ್ಚುತ್ತಿದ್ದ.
"ಈ ಬಿಸಿಲಿಗೆ ಇಷ್ಟೇ. ಅವಳಿಗೆ ಕೇಳಿಸುತ್ತೆ"
ಅಂದ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.