ನಲವತ್ತು ಹರವಿ

ಮೋಪ್ತಿಯ ಕಟ್ಟೆಯಲ್ಲಿ ಹತ್ತುವಾಗಲೇ
ಮುದುಕ ಕೊಂತಾವೊ ಗೊಣಗಿದ್ದ:
ನಲವತ್ತು ಹರವಿ! ಮಣ್ಣು ಹೊರಲು ನನ್ನ ದೋಣಿಯೇ ಬೇಕೆ,
ನಿಯಾಫುಂಕೆಯಲ್ಲಿ ಮಣ್ಣಿಲ್ಲವೆ, ಪಾಮಾ?
ಬೆಂದ ಮಣ್ಣಿಲ್ಲ, ಎಂದೆ.
ಒಂದೂವರೆ ಪಾಲು ಬಾಡಿಗೆ ಕೇಳಿದ. ಕೊಟ್ಟೆ.

ಜನವರಿ. ನೈಜರ್ ದಿನಕ್ಕೊಂದು ಬೆರಳು ಇಳಿಯುತ್ತಿತ್ತು.
ದಂಡೆಯ ಕೆಸರಲ್ಲಿ ನಿನ್ನೆಯ ನೀರಿನ ಗೆರೆ,
ಅದರ ಮೇಲೆ ಮೊನ್ನೆಯದು,
ಸಾಲ ಕೊಟ್ಟವನ ಗೋಡೆಯ ಇದ್ದಿಲ ಗೀಟಿನಂತೆ.
ಮೂತಿಯಲ್ಲಿ ನಿಂತ ಸಿನಾಲಿ ಗಳ ಇಳಿಸಿ ಇಳಿಸಿ ಕೂಗುತ್ತಿದ್ದ:
ನಾಲ್ಕು ಮೊಳ.
ನಾಲ್ಕು ಮೊಳ.
ಮೂರೂವರೆ.
ಮದುವೆ ಯಾವಾಗಲೋ ಹುಡುಗ, ಅಂತ ಯಾರೋ ಕೆಣಕಿದರೆ
ಅದಕ್ಕೂ, ಮೂರು ಮೊಳ.

ಎರಡು ಸಲ ಮರಳು ಹಿಡಿಯಿತು.
ಉಟ್ಟದ್ದನ್ನು ತೊಡೆಗೆ ಎತ್ತಿ ಕಟ್ಟಿ ಇಳಿದು ತಳ್ಳಿದೆವು.
ಬಟ್ಟೆ ವ್ಯಾಪಾರಿ ಅಲ್ಮಾಮಿ ಮಾತ್ರ ಇಳಿಯಲಿಲ್ಲ;
ಅವನ ಚಪ್ಪಲಿ ಹೊಸದು.
ನಾನು ಸೋರೆಬುರುಡೆ ಹಿಡಿದು
ಹಲಗೆಯ ಹೊಲಿಗೆಯಲ್ಲಿ ಒಸರಿದಷ್ಟನ್ನೂ
ಮೊಗೆದು ಆಚೆ ಚೆಲ್ಲುತ್ತ ಬಂದೆ.
ನದಿಯನ್ನು ನದಿಗೇ ವಾಪಸು ಕೊಡುವ ಕೆಲಸ.
ಇದಕ್ಕೆ ಬಾಡಿಗೆಯಲ್ಲಿ ರಿಯಾಯಿತಿ ಇಲ್ಲ.

ದೆಬೊ ಸರೋವರದ ಬಾಯಲ್ಲಿ ಗಾಳಿ ಕಾದಿತ್ತು.
ಹರ್ಮತ್ತಾನ್. ಈಶಾನ್ಯದ ಮರಳುಗಾಡಿನದು,
ತುಟಿ ಒಡೆಸಿ ಮಾತಾಡಿಸುವಂಥದ್ದು.
ಎರಡು ಹಗಲು ಜೊಂಡಿನೊಳಗೆ ದೋಣಿ ತುರುಕಿ ಕೂತೆವು.
ಆಡುಗಳು ಜೊಂಡು ಮೇದವು, ನಾವು ಒಣಮೀನು.
ಸಕ್ಕರೆ ತೀರಿತು, ಚಹಾ ತೀರಲಿಲ್ಲ.
ಹೊರಡು ಮುದುಕ, ನನ್ನ ಸಂತೆ ತಪ್ಪುತ್ತದೆ,
ಅಲ್ಮಾಮಿ ಕೂಗಾಡಿದ.
ಕೊಂತಾವೊ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದ,
ಬೆರಳನ್ನೇ ನೋಡಿದ, ಅವನನ್ನಲ್ಲ.

ಮೂರನೆಯ ಬೆಳಗು ಅಲೆ ತಗ್ಗಿತು, ಹೊರಟೆವು.
ನಡುನೀರು ತಲುಪುವಷ್ಟರಲ್ಲಿ ಧೂಳು ಇಳಿಯಿತು.
ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ, ರೆಪ್ಪೆಯ ಮೇಲೆಲ್ಲ ಆಕಾಶ.
ಸೂರ್ಯ ಸ್ವಲ್ಪ ಹೊತ್ತು ಸವೆದ ನಾಣ್ಯ,
ಆಮೇಲೆ ಅದೂ ಖರ್ಚಾಯಿತು.
ಐದು ಮೊಳ, ಸಿನಾಲಿ ಕೂಗಿದ.
ಆರು.
ಆಮೇಲೆ: ಇಲ್ಲ.
ಗಳಕ್ಕೆ ತಳ ಸಿಗಲಿಲ್ಲ.
ನಾಲ್ಕು ದಿನ ತಳಕ್ಕೆ ಹೆದರಿದ್ದವರು
ಈಗ ಅದಿಲ್ಲವೆಂದು ಹೆದರಿದೆವು.

ಕೊಂತಾವೊ ಮೋಟಾರು ತಗ್ಗಿಸಿದ.
ಎಲ್ಲರೂ ಬಾಯಿ ಮುಚ್ಚಿ, ಅಂದ.
ಆಡುಗಳ ಮೂತಿಗೂ ಕೈ ಹೋಯಿತು.
ಆಗ ಕೇಳಿತು.
ನನ್ನ ಹರವಿಗಳು.
ಚಾವಣಿಯಿಲ್ಲದ ಮುಂಭಾಗದಲ್ಲಿ
ಬಲಕ್ಕೆ ಬಾಯಿ ಮಾಡಿ ಮಲಗಿಸಿ ಹಗ್ಗ ಬಿಗಿದ ಸಾಲು
ಗಾಳಿ ಅಂಚು ಸವರಿದಾಗ ಊಂ ಎನ್ನುತ್ತಿತ್ತು,
ಮೆಲುಕು ಹಾಕುವ ದನದ ಗಂಟಲಲ್ಲಿ.
ದೋಣಿ ಒಂದಿಷ್ಟು ಎಡಕ್ಕೆ ಹೊರಳಿದರೆ ದನಿ ಸಣ್ಣಗಾಗುತ್ತಿತ್ತು,
ಇನ್ನೂ ಹೊರಳಿದರೆ ನಿಂತೇ ಹೋಗುತ್ತಿತ್ತು.
ಈ ತಿಂಗಳ ಗಾಳಿಗೆ ತವರು ಒಂದೇ, ಮುದುಕನಿಗೆ ಗೊತ್ತು.
ಕಣ್ಣು ಮುಚ್ಚಿ ಚುಕ್ಕಾಣಿ ಹಿಡಿದ;
ತೆರೆದಿದ್ದರೂ ಅಷ್ಟೇ ಕಾಣುತ್ತಿತ್ತು.

ಎಷ್ಟು ಹೊತ್ತೋ. ಯಾರೂ ಕೆಮ್ಮಲಿಲ್ಲ.
ಆ ಊಂಕಾರದ ನಡುವೆ ಎಲ್ಲೋ
ಒಂದು ಕರಕರ ದನಿಯೂ ಇತ್ತು.
ಯಾವುದಕ್ಕೆ ಬಿರುಕು ಬಿಟ್ಟಿದೆಯೆಂದು ನನಗೆ ಅಲ್ಲೇ ತಿಳಿಯಿತು.
ಅದೂ ಪಾಪ ಕೈಲಾದಷ್ಟು ಹೇಳುತ್ತಿತ್ತು.

ಆರು ಮೊಳ!
ಸಿನಾಲಿ ಹಾಗೆ ಕಿರುಚಿದ್ದನ್ನು ನಾನು ಮತ್ತೆ ಕೇಳಿಲ್ಲ.
ಐದು! ನಾಲ್ಕು! ಅಗೋ ಜೊಂಡು!
ಅಲ್ಮಾಮಿ ಹೊಸ ಚಪ್ಪಲಿಯಲ್ಲೇ ನೀರಿಗೆ ಹಾರಿ ಹಗ್ಗ ಎಳೆದ.

ನಿಯಾಫುಂಕೆಯಲ್ಲಿ ಹರವಿ ಇಳಿಸುವಾಗ
ಮುದುಕ ತಾನೇ ಬಂದು ಒಂದೊಂದಕ್ಕೂ ಕೈ ಕೊಟ್ಟ.
ಬಿರುಕಿನದರ ಹತ್ತಿರ ನಿಂತು ಬೆರಳಲ್ಲಿ ಬಡಿದು ನೋಡಿದ,
ಏನೂ ಅನ್ನಲಿಲ್ಲ.
ಮುಂದಿನ ಸಲ ಎಷ್ಟು ತರುತ್ತೀ?
ಇಷ್ಟೇ, ನಲವತ್ತು.
ಬಾಡಿಗೆ? ಎಂದೆ.
ಕಿವಿಯೊಳಗಿನ ಧೂಳು ಕಿರುಬೆರಳಲ್ಲಿ ತೆಗೆಯುತ್ತ,
ಒಂದೂವರೆ ಪಾಲು, ಅಂದ.