ಹದಿನಾಲ್ಕನೇ ಖಾನೆ

ಬರ್ಲಿ, ಬರ್ಲಿ, ಬರ್ಲಿ.
ಇಷ್ಟೇ ನನ್ನ ಕಸುಬು.
ತಗಡಿಗೆ ಒಂದು ಸಲ ಬಡಿದರೆ ಬಾ ಅಂತ,
ಎರಡು ಸಲ ಬಡಿದರೆ ಸಾಕು, ನಿಲ್ಲು.
ಹನ್ನೆರಡು ಗಾಲಿಯ ಗಾಡಿ
ನನ್ನ ಅಂಗೈ ಸಪ್ಪಳ ನಂಬಿ ಹಿಂದಕ್ಕ ಬರ್ತದ,
ಕುರುಡಿ ಅತ್ತಿ ಸೊಸಿ ದನಿ ಹಿಡಿದು
ಕಟ್ಟಿಗೆ ಕೂಡೋ ಹಂಗ.

ಹುಮನಾಬಾದ ದಾಟಿ ರಾಜೇಶ್ವರದ ಕಡೆ
ಎರಡು ಮೈಲು ಬಂದರೆ ಎಡಕ್ಕ ನಮ್ಮ ಅಂಗಳ.
ಬಕ್ಕಪ್ಪ ಸಾಹುಕಾರನ ಹೊಲ ಇತ್ತು; ಈಗ ಮೂವತ್ತು ಖಾನೆ,
ಸುಣ್ಣದ ಗೆರಿ, ಕೆಂಪು ಮೊರಮು.
ಮಳಿ ಬಿದ್ದರೆ ಎಲ್ಲಾ ಗಾಲಿಗೂ ಕಾವಿ.

ಬೋರ್ಡಿನ ಮ್ಯಾಲ ಬರೆದದ:
ಪಾರ್ಕಿಂಗ್ ರಾತ್ರಿಗೆ ನೂರು. ಸ್ನಾನ ಇಪ್ಪತ್ತು.
ಸಂಡಾಸ ಐದು. ಉಚ್ಚಿ ಫ್ರೀ.
ಆದರೂ ಎಲ್ಲಾರೂ ಗಾಲಿ ಹಿಂದೇ ನಿಲ್ಲತಾರ,
ಫ್ರೀ ಅಂದರ ಮಂದಿಗೆ ಅಪನಂಬಿಕಿ.

ಸ್ನಾನಕ್ಕ ಎರಡು ಬಾಗಿಲು.
ಪೇಂಟರ್ ಇರ್ಫಾನ ಎರಡಕ್ಕೂ ಒಂದೇ ಮಾರಿ ಬರೆದು
ಒಂದಕ್ಕ ಮೀಸಿ ಇಟ್ಟ, ಒಂದಕ್ಕ ಬೊಟ್ಟು.
ಬೊಟ್ಟಿನ ಬಾಗಿಲು ನಾಕು ವರ್ಷದಾಗ
ಒಬ್ಬ ಗಿರಾಕಿಗೂ ತೆರೆದಿಲ್ಲ.
ನಾವು ತೆರೀತೀವಿ: ಪೊರಕಿ ಇಡಾಕ,
ಪಂಚರ್ ಟ್ಯೂಬು ಒಗಿಯಾಕ, ಖಾಲಿ ಫಿನಾಯಿಲ್ ಡಬ್ಬಿ,
ಸಾಹುಕಾರ ಸೋತ ಚುನಾವಣಿಯ ಬ್ಯಾನರು.
ಕೈ ಮುಗಿದು ನಗುವ ಬಕ್ಕಪ್ಪ,
ಎಂಟು ಮಡಿಕಿ ಆಗಿ, ಇನ್ನೂರು ಜನ.

ಆ ರಾತ್ರಿ ಎರಡೂವರಿ.
ಸೋಲಾಪುರದಿಂದ ಉಳ್ಳಾಗಡ್ಡಿ ಗಾಡಿ ಬಂತು.
ಹದಿನಾಲ್ಕು ಒಂದೇ ಖಾಲಿ,
ಬೇವಿನ ಗಿಡಕ್ಕೂ ಕೆಟ್ಟು ನಿಂತ ಟ್ಯಾಂಕರಿಗೂ ನಡುವೆ.
ನುರಿತವರೂ ಅಲ್ಲಿ ಮೂರು ಸಲ ಹಿಂದ ಮುಂದ ಆಗತಾರ.
ನಾನು ಕೈ ಎತ್ತೋದರಾಗ ಗಾಡಿ ಕೂತಿತ್ತು,
ಸೂಜಿಗೆ ದಾರ ಹೋದಂಗ.
ನನ್ನ ಅಂಗೈ ಗಾಳ್ಯಾಗೇ ಉಳೀತು.

ಇಳಿದಾಕಿ ಮೊದಲು ಗಾಲಿಗೆ ಕಲ್ಲಿಟ್ಟಳು,
ಆಮ್ಯಾಲ ನನ್ನ ನೋಡಿದಳು.
ನಲವತ್ತರ ಹೆಣ್ಣು, ಮೈಮ್ಯಾಲ ಗಂಡಸರ ಸ್ವೆಟರು.
‘ಚಾಚಾ, ಸ್ನಾನ ಆಗತದೇನು?’

ಕೀಲಿಕೈ ಕೊಳ್ಳಾಗೇ ಇತ್ತು.
ಮಾತು ಹುಡುಕಬೇಕಾಯ್ತು.

ಐದು ಮಿನಿಟ್ ಅಂದೆ, ಅರ್ಧ ತಾಸು ಹಿಡೀತು.
ಟ್ಯೂಬು ಎಳೆದೆ, ಡಬ್ಬಿ ಎಳೆದೆ,
ಬಕ್ಕಪ್ಪನ್ನ ಕಾಲು ಹಿಡಿದು ಎಳೆದೆ.
ಕಡೀಗಿ ಮೂಲ್ಯಾಗ ಒಂದು ಬೆಕ್ಕು, ನಾಕು ಮರಿ,
ಇನ್ನೂ ಕಣ್ಣು ಬಿಟ್ಟಿಲ್ಲ,
ಸಾಹುಕಾರನ ಭರವಸೆಗಳ ಮ್ಯಾಲ ಬೆಚ್ಚಗ ಮಲಗಿದ್ದವು.
‘ಇರಲಿ ಬಿಡು’ ಅಂದಳು. ‘ಬಾಣಂತಿ.’

ಬಲ್ಬಿರಲಿಲ್ಲ. ಮೀಸಿ ಖೋಲಿಯಿಂದ ಬಿಚ್ಚಿಕೊಂಡು ಬಂದೆ.
ಅಲ್ಲಿ ಒಳಗಿದ್ದ ನಾಗಪುರದವ
ಕಣ್ಣಿನ ತುಂಬ ಸಾಬೂನು ಇಟ್ಟುಕೊಂಡೇ
ನಮ್ಮವ್ವನ್ನ, ಆಕಿ ಅವ್ವನ್ನ, ಕರೆದು ಕರೆದು ನೆನೆಸಿದ.

ನಾ ಹೊರಗ ಬೆನ್ನು ತಿರುಗಿಸಿ ನಿಂತೆ.
ಬಕೇಟಿನ ಸಪ್ಪಳ. ಮರಾಠಿಯಾಗ ಬೆಕ್ಕಿಗೆ
ಏನೋ ಹೇಳೋ ಸಪ್ಪಳ.
ಹೈವೇ ಮ್ಯಾಲ ಗಾಡಿ ಹಿಂದ ಗಾಡಿ.
ಎಷ್ಟು ಬಸ್ಸಿನಾಗ, ಎಷ್ಟು ಕಾರಿನಾಗ
ಎಷ್ಟು ಮಂದಿ ತೊಡಿ ಬಿಗಿದು ಕೂತು
ನಮ್ಮ ದೀಪ ನೋಡಿಯೂ ಜಹೀರಾಬಾದ ತನಕ ತಡೆದಾರೋ,
ನಾ ಎಂದೂ ಎಣಿಸಿದ್ದಿಲ್ಲ.
ಗಾಲಿ ಎಣಿಸೋದು ನನ್ನ ಕೆಲಸ.

ಪಾವತಿ ಬರಿವಾಗ ಹೆಸರು ಕೇಳಿದೆ. ಶೇವಂತಾ. ಲಾತೂರು.
‘ನೂರು ಕೊಡು ಸಾಕು, ಆ ಇಪ್ಪತ್ತು ಬ್ಯಾಡ’ ಅಂದೆ.
ಸಿಟ್ಟಿಗೆದ್ದಳು.
‘ಮೀಸಿ ಇದ್ದವರ ಹತ್ರ ತಗೋತಿ. ನಂದ್ಯಾಕ ಬ್ಯಾಡ?’
ತಗೊಂಡೆ. ಸ್ನಾನ, ಒಂದು. ಪಾವತಿ ನಂಬರ್
ಆರು ಸಾವಿರದ ಇಪ್ಪತ್ತೆರಡು.

ನಸುಕಿನಾಗ ಹೋಗಿದ್ದಳು.
ಹದಿನಾಲ್ಕರಾಗ ಎಣ್ಣಿ ಕಲೆ, ಉಳ್ಳಾಗಡ್ಡಿ ಸಿಪ್ಪಿ,
ಗಾಲಿಗೆ ಇಟ್ಟ ಕಲ್ಲು. ಮರೆತಳೋ, ಬಿಟ್ಟಳೋ.

ಸಾಹುಕಾರ ಬಂದ. ಬಯಲಾಗ ಬಿದ್ದ ತನ್ನ ಮಾರಿ ನೋಡಿದ,
ಬೈಯೋದು ಮುಗಿಸಿ ಕೇಳಿದ,
‘ಬಲ್ಬು ಈ ಖೋಲ್ಯಾಗ ಯಾಕದ?’
‘ಮರಿ ಕಣ್ಣು ಬಿಡೋತನಕ ಇರಲಿ’ ಅಂದೆ.

ಆ ಮರಿ ಈಗ ಇಲಿ ಹಿಡೀತಾವ.